ಮಗ್ಗದಜ್ಜನ ಮಗ್ಗ ನಿಲ್ಲದೇ ಹೋದದ್ದು

ಘಟಪ್ರಭೆಯ ದಂಡೆಯ ಮೇಲಿನ ಆ ಸಣ್ಣ ಮಠದಲ್ಲಿ ಗುರುಗಳು ಬಾಯಿ ಬಿಡುತ್ತಿದ್ದುದು ಮಗ್ಗ ನಿಂತಾಗ ಮಾತ್ರ.

ಅದೇನು ವ್ರತವಲ್ಲ. ಮಗ್ಗ ನಡೆಯುವಾಗ ಬಾಯಿ ಬಿಟ್ಟರೂ ಯಾರಿಗೂ ಕೇಳುತ್ತಿರಲಿಲ್ಲ, ಅಷ್ಟೆ.

ಅದು ಕರೆಂಟಿನ ಮಗ್ಗ. ಸನ್ಯಾಸಕ್ಕೆ ಬರುವವರು ಎಲ್ಲ ಬಿಟ್ಟು ಬರುತ್ತಾರೆ. ಇವರು ಎಲ್ಲ ಬಿಟ್ಟು, ಮಗ್ಗವೊಂದನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದಿದ್ದರು. ಜನ ಅವರನ್ನು ಮಗ್ಗದಜ್ಜ ಎಂದೇ ಕರೆದರು. ದೀಕ್ಷೆಯ ಹೆಸರು ಬೇರೆ ಏನೋ ಇತ್ತು. ಅದು ಅಜ್ಜನಿಗೂ ಮರೆತಂತಿತ್ತು.

ಬೆಳಗಿನ ಪೂಜೆ ಮುಗಿಸಿ ಅಜ್ಜ ಮಗ್ಗದ ಮುಂದಿನ ಸ್ಟೂಲಿನ ಮೇಲೆ ಕೂರುತ್ತಿದ್ದರು. ಖಟಕ್ ಪಟಕ್, ಖಟಕ್ ಪಟಕ್. ಮಠಕ್ಕೆ ಬೇಕಾದ ಪಂಚೆ, ಟವೆಲ್ಲು, ಜೋಳಿಗೆಯ ಬಟ್ಟೆ ಎಲ್ಲ ಅದರಲ್ಲೇ ಆಗುತ್ತಿತ್ತು. ಭಕ್ತರು ಸುತ್ತ ಚಾಪೆಯ ಮೇಲೆ ಕೂತು ಕಾಯುತ್ತಿದ್ದರು.

ಎಡಕ್ಕೂ ಬಲಕ್ಕೂ ಓಡುವ ಲಾಳಿಯ ಹೊಟ್ಟೆಯಲ್ಲಿ ನೂಲು ಸುತ್ತಿದ ಕಂಡಿಕೆ ಇರುತ್ತದೆ. ನೂಲು ತೀರಿದರೆ ಮಗ್ಗ ನಿಲ್ಲುತ್ತದೆ. ಅಜ್ಜ ಖಾಲಿ ಲಾಳಿ ತೆಗೆದು ತುಂಬಿದ ಲಾಳಿ ಹಾಕಿ ಮತ್ತೆ ಮಗ್ಗ ಚಾಲೂ ಮಾಡುವಷ್ಟರಲ್ಲಿ ಒಬ್ಬರು ಪ್ರಶ್ನೆ ಕೇಳಬೇಕು, ಅಜ್ಜ ಉತ್ತರ ಹೇಳಬೇಕು.

ಆ ಹೊತ್ತು ಎಷ್ಟೆಂದರೆ, ಒಬ್ಬ ಮನುಷ್ಯ ಸೀನಿ ಮೂಗೊರೆಸಿಕೊಳ್ಳುವಷ್ಟು.

ಮಧ್ಯಾಹ್ನ ಮಗ್ಗ ಬಂದ್ ಮಾಡಿ ಎದ್ದರೆ ಮರುದಿನ ಬೆಳಗಿನವರೆಗೆ ಅಜ್ಜನದು ಮೌನ. ಇದು ಮಾತ್ರ ವ್ರತ.

ಹೀಗಾಗಿ ಅಜ್ಜನ ಮಾತು ಚಿಕ್ಕದಾಗಿತ್ತು. ಚಿಕ್ಕದಾಗಿದ್ದುದರಿಂದಲೇ ದೊಡ್ಡದಾಗಿತ್ತು.

ಒಮ್ಮೆ ಯಾರೋ ಕೇಳಿದರು: "ಅಜ್ಜಾರ, ಮುಕ್ತಿ ಅಂದ್ರ ಏನ್ರಿ?"

ಅಜ್ಜ ಲಾಳಿಯ ಕಣ್ಣಿನಲ್ಲಿ ನೂಲಿನ ತುದಿ ತೂರಿಸುತ್ತಿದ್ದರು. "ತಡಿ, ಸಿಗವಲ್ದು," ಎಂದರು. ಮಗ್ಗ ಚಾಲೂ ಆಯಿತು.

ಈ ಮಾತಿನ ಮೇಲೆ ಇಟಗಿ ಮಾಸ್ತರು ಮೂರು ಸಂಜೆ ಪ್ರವಚನ ಮಾಡಿದರು. ಮಾಸ್ತರು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಗುರು ಹೇಳಿದ್ದನ್ನು ನಾಲ್ಕು ಜನಕ್ಕೆ ಬಿಡಿಸಿ ಹೇಳದಿದ್ದರೆ ಅವರಿಗೆ ಊಟ ಇಳಿಯುತ್ತಿರಲಿಲ್ಲ.

ಈ ಮಠದಲ್ಲಿ ಕಲ್ಮೇಶ ಎಂಬ ಶಿಷ್ಯನಿದ್ದ.

ನಲವತ್ತು ದಾಟಿದವನು. ದೊಡ್ಡ ಮಿಲ್ಲೊಂದರಲ್ಲಿ ಮಗ್ಗ ರಿಪೇರಿ ಮಾಡುವ ಜಾಬರ್ ಆಗಿದ್ದ. ಮಿಲ್ಲು ಮುಚ್ಚಿದ ಮೇಲೆ ಮನೆಯಲ್ಲೇ ಎರಡು ಮಗ್ಗ ಹಾಕಿಕೊಂಡಿದ್ದ. ಮಠಕ್ಕೆ ಬಂದದ್ದು ಒಂದೇ ಒಂದು ಪ್ರಶ್ನೆ ಕೇಳಿಕೊಂಡು ಸಂಜೆ ಬಸ್ಸಿಗೆ ವಾಪಸು ಹೋಗಲು. ಬಂದು ಏಳು ತಿಂಗಳಾಗಿತ್ತು.

ಅವನ ಹೆಂಡತಿ ಸಾವಂತ್ರಿ ಅವನ ಜೊತೆ ಮಾತು ಬಿಟ್ಟಿದ್ದಳು.

ಜಗಳವಾಡಿ ಬಿಟ್ಟದ್ದಾಗಿದ್ದರೆ ಸಮಾಧಾನವಿರುತ್ತಿತ್ತು. ಹಾಗೇನಿಲ್ಲ. ಒಂದು ದಿನ ಇದ್ದಕ್ಕಿದ್ದಂತೆ ನಿಂತುಹೋಗಿತ್ತು. ರೊಟ್ಟಿ ಬಡಿದು ಹಾಕುತ್ತಿದ್ದಳು, ಮಾತಿಲ್ಲ. ಕಂಡಿಕೆ ಸುತ್ತಿ ಕೊಡುತ್ತಿದ್ದಳು, ಮಾತಿಲ್ಲ. ಕಟ್ಟೆಯ ಮೇಲೆ ಕೂತು ಓಣಿಯವರ ಜೊತೆ ಊರ ಸುದ್ದಿಯೆಲ್ಲ ಜಾಲಾಡುತ್ತಿದ್ದಳು. ಗಂಡ ಹೊಸ್ತಿಲು ದಾಟಿದ ಕೂಡಲೇ ಬಾಯಿಗೆ ಬೀಗ.

ಯಾಕೆ ಅಂತ ಅವಳನ್ನೇ ಕೇಳಿದ್ದ. ಅದನ್ನು ಹೇಳಬೇಕಾದರೂ ಅವಳು ಬಾಯಿ ತೆರೆಯಬೇಕಲ್ಲ.

ಒಂದೂವರೆ ವರ್ಷ ತಡೆದುಕೊಂಡ. ಆ ಮನೆಯಲ್ಲಿ ಮಗ್ಗ ಬಿಟ್ಟರೆ ಇನ್ನೊಂದು ಸದ್ದಿಲ್ಲ. ಕಾರಣ ಗೊತ್ತಾದರೆ ಮನೆಗೆ ಹೋಗಬಹುದು, ಸರಿಪಡಿಸಬಹುದು. ಗೊತ್ತಾಗದೆ ಹೋಗಿ ಮತ್ತೆ ಆ ಮೌನದ ಎದುರು ತಟ್ಟೆ ಹಿಡಿದು ಕೂರುವುದು ಅವನಿಂದ ಆಗುವ ಮಾತಾಗಿರಲಿಲ್ಲ.

ಪ್ರಶ್ನೆ ಸಣ್ಣದೇ. ತೊಂದರೆ ಇದ್ದದ್ದು ಕಲ್ಮೇಶ ಕೇಳುವ ರೀತಿಯಲ್ಲಿ. ಜಾಬರ್ ಆದವನು ಮಗ್ಗ ಯಾಕೆ ಕೆಟ್ಟಿತು ಅಂತ ಹೇಳಬೇಕಾದರೆ ಮೋಟರಿನಿಂದ ಶುರುಮಾಡುತ್ತಾನೆ. ಕಲ್ಮೇಶ ತನ್ನ ಸಂಸಾರವನ್ನೂ ಹಾಗೇ ಶುರುಮಾಡುತ್ತಿದ್ದ.

ಮಗ್ಗ ನಿಂತಿತು.

"ಅಜ್ಜಾರ, ನಮ್ಮ ಮಾವನ ಮನ್ಯಾಗ ಮೊದ್ಲ ಮೂರು ಕೈಮಗ್ಗ ಇದ್ದುವ್ರಿ. ಅವರ ತಮ್ಮ ಒಬ್ಬಾಂವ..."

ಖಟಕ್ ಪಟಕ್.

ಮರುದಿನ ಮತ್ತೆ ಸರದಿ ಬಂತು.

"ಅಜ್ಜಾರ, ಮೂರು ಕೈಮಗ್ಗ ಇದ್ದುವು ಅಂದೆನಲ್ರಿ, ಅವರ ತಮ್ಮ ಒಬ್ಬಾಂವ ಸೊಲ್ಲಾಪುರಕ್ಕ ಹೋಗಿ..."

ಖಟಕ್.

ಏಳು ತಿಂಗಳಲ್ಲಿ ಅವನ ಕಥೆ ಮಾವನ ತಮ್ಮನನ್ನು ದಾಟಿ ಈಚೆ ಬಂದಿರಲಿಲ್ಲ. ಒಂದು ದಿನ ಅಜ್ಜನೇ ತಡೆಯಲಾರದೆ, "ಅಂವ ಸೊಲ್ಲಾಪುರಕ್ಕ ಹೋಗಿ ಏನ್ ಮಾಡಿದ?" ಎಂದು ಕೇಳಿದರು. ಕಲ್ಮೇಶ ಖುಷಿಯಲ್ಲಿ ಅಡ್ಡಬಿದ್ದ. ಏಳುವಷ್ಟರಲ್ಲಿ ಲಾಳಿ ಓಡತೊಡಗಿತ್ತು.

"ಸಣ್ಣದಾಗಿ ಕೇಳಪಾ," ಎಂದರು ಇಟಗಿ ಮಾಸ್ತರು. "'ಹೇಂತಿ ಯಾಕ ಮಾತಾಡವಲ್ಲಳು?' ಮುಗೀತು."

"ಹಂಗ ಕೇಳಿದ್ರ ತಪ್ಪು ನಂದ ಅಂತಾರ್ರಿ ಅಜ್ಜಾರು."

"ನಿಂದಲ್ಲೇನು?"

"ಅದನ್ನ ತಿಳ್ಕೊಳಾಕ ಮೊದ್ಲಿಂದ ಕೇಳಬೇಕಲ್ರಿ ಮಾಸ್ತರ."

ಮಾಸ್ತರು ಅವನನ್ನು ಅವನ ಪಾಡಿಗೆ ಬಿಟ್ಟರು.

ಹೊಳೆಯ ಕಲ್ಲಿನ ಮೇಲೆ ಟವೆಲ್ಲು ಒಗೆಯುತ್ತಿದ್ದಾಗ ಕಲ್ಮೇಶನಿಗೆ ಆ ವಿಚಾರ ಹೊಳೆಯಿತು.

ಅಜ್ಜನಿಗೆ ಪುರುಸೊತ್ತು ಯಾಕಿಲ್ಲ? ಘಳಿಗೆಗೊಮ್ಮೆ ಲಾಳಿ ಬದಲಿಸಬೇಕು. ಆ ಕೆಲಸವನ್ನು ಮಗ್ಗವೇ ಮಾಡಿಕೊಂಡರೆ? ಅಜ್ಜನ ಕೈ ಖಾಲಿ. ಬೆಳಗಿನಿಂದ ಮಧ್ಯಾಹ್ನದವರೆಗೆ ತಾನು ಹೇಳಬಹುದು, ಅಜ್ಜ ಕೇಳಬಹುದು. ಮಾವನ ತಮ್ಮನಷ್ಟೇ ಅಲ್ಲ, ಅವನ ಹೆಂಡತಿ ಮಕ್ಕಳ ಕಥೆಗೂ ಜಾಗ.

ಈ ಲೆಕ್ಕದಲ್ಲೊಂದು ತಪ್ಪಿದೆ ಅಂತ ಓದುವವರಿಗೆ ಆಗಲೇ ಗೊತ್ತಾಗಿರಬಹುದು. ಕಲ್ಮೇಶನಿಗೆ ಗೊತ್ತಾಗಲಿಲ್ಲ. ಅವನು ಪ್ರಾಯವನ್ನೆಲ್ಲ ಮಿಲ್ಲಿನ ಶೆಡ್ಡಿನಲ್ಲಿ, ನೂರಾರು ಮಗ್ಗಗಳ ನಡುವೆ ಕಳೆದವನು. ಅಲ್ಲಿ ಯಾರೂ ಕಿವಿಯಿಂದ ಕೇಳುವುದಿಲ್ಲ. ಎದುರಿನವರ ತುಟಿ ನೋಡಿ ತಿಳಿದುಕೊಳ್ಳುತ್ತಾರೆ. ಮಗ್ಗದ ಸದ್ದು ಅವನ ಪಾಲಿಗೆ ಸದ್ದೇ ಅಲ್ಲ.

ಮರುದಿನ ಮಗ್ಗ ನಿಂತದ್ದೇ ತಡ, ಕೇಳಿದ.

"ಅಜ್ಜಾರ, ಲಾಳಿ ತಾನ ಬದಲಾಗೂ ಹಂಗ ಮಾಡ್ಲೇನ್ರಿ?"

ಏಳು ತಿಂಗಳಲ್ಲಿ ಅವನ ಬಾಯಿಂದ ಬಂದ ಮೊದಲ ಪೂರ್ತಿ ವಾಕ್ಯ ಅದು.

ಅಜ್ಜನ ಕೈಯಲ್ಲಿದ್ದ ಲಾಳಿ ಅರ್ಧ ದಾರಿಯಲ್ಲೇ ನಿಂತಿತು. "ಅಂದ್ರ ಮಗ್ಗ ನಿಲ್ಲೂದ ಇಲ್ಲೇನು?"

"ನಿಲ್ಲೂದ ಇಲ್ರಿ."

"ಮಧ್ಯಾಹ್ನತನಕ?"

"ಬೇಕಂದ್ರ ಸಂಜೀತನಕ."

ಅಜ್ಜ ಚಾಪೆಯ ಮೇಲೆ ಕೂತವರನ್ನು ಒಬ್ಬೊಬ್ಬರನ್ನಾಗಿ ನೋಡಿದರು. ಇಟಗಿ ಮಾಸ್ತರನ್ನು ತುಸು ಹೆಚ್ಚು ಹೊತ್ತು ನೋಡಿದರು.

"ಲಗೂನ ಮಾಡಪಾ," ಎಂದರು.

ಕಲ್ಮೇಶನ ಮಿಲ್ಲಿನಲ್ಲಿ ಅಂಥ ಮಗ್ಗಗಳಿದ್ದವು. ಅವನ್ನು ನೆನೆದರೆ, ಬೇರೆಯವರಿಗೆ ಬಾಲ್ಯ ನೆನೆದರೆ ಆಗುವಂತೆ ಅವನ ಕಣ್ಣು ತೇವವಾಗುತ್ತಿತ್ತು. ಗುಜರಿ ಅಂಗಡಿ ತಿರುಗಿ ಸ್ಪ್ರಿಂಗು, ಪಟ್ಟಿ, ಸೈಕಲ್ಲಿನ ಬ್ರೇಕ್ ಕಡ್ಡಿ ಎಲ್ಲ ಒಟ್ಟು ಮಾಡಿದ. ಹಗಲೆಲ್ಲ ಕಡಿದ, ಬೆಸೆದ, ಅರದಿಂದ ತಿಕ್ಕಿದ. ಸಾವಂತ್ರಿ ನೆನಪಾದಾಗೊಮ್ಮೆ ಇನ್ನಷ್ಟು ಜೋರಾಗಿ ತಿಕ್ಕಿದ.

ಮಾಸ್ತರು ಬಂದು ಬಗ್ಗಿ ನೋಡಿದರು. "ಇದು ಏನಪಾ?"

"ಇದು ಬೆರಳ್ರಿ. ಲಾಳಿ ಈ ಕಡೆ ಬಂದಾಗೊಮ್ಮೆ ಒಳಗಿನ ಕಂಡಿಕಿ ಮುಟ್ಟಿ ನೋಡತೈತಿ. ನೂಲು ಐತೋ, ತೀರೇತೋ. ತೀರಿತು ಅಂತ ಗೊತ್ತಾದ ಕೂಡ್ಲೆ ಲಾಳಿ ನಿಲ್ಲೂ ಪೆಟಿಗಿ ಬಾಯಿ ತೆರೀತೈತಿ. ಖಾಲಿ ಲಾಳಿ ಕೆಳಗ ಬೀಳತೈತಿ, ಮ್ಯಾಲಿನ ಗೂಡಿನಾಗಿಂದ ತುಂಬಿದ ಲಾಳಿ ಆ ಜಾಗಾಕ್ಕ ಹೊಕ್ಕತೈತಿ. ಮಗ್ಗಕ್ಕ ಗೊತ್ತ ಆಗಂಗಿಲ್ಲ."

"ಒಬ್ಬಾಂವ ಹೋಗಿ ಇನ್ನೊಬ್ಬಾಂವ ಬಂದದ್ದು ಗೊತ್ತ ಆಗಂಗಿಲ್ಲ." ಮಾಸ್ತರು ಕಣ್ಣು ಮುಚ್ಚಿದರು. "ಪುನರ್ಜನ್ಮ."

"ಅಲ್ರಿ ಮಾಸ್ತರ, ಸ್ಪ್ರಿಂಗು."

ಒಂದು ಸೋಮವಾರ ಮಗ್ಗಕ್ಕೆ ಕಾಯಿ ಒಡೆದು ಚಾಲೂ ಮಾಡಿದರು.

ಖಟಕ್ ಪಟಕ್, ಖಟಕ್ ಪಟಕ್. ಮೊದಲ ಲಾಳಿ ತೀರಿತು. ಖಾಲಿ ಲಾಳಿ ಕೆಳಗಿನ ಬುಟ್ಟಿಗೆ ಬಿತ್ತು. ಹೊಸದು ಒಳಗೆ ಹೋಯಿತು. ಮಗ್ಗ ಒಂದು ಏಟೂ ತಪ್ಪಲಿಲ್ಲ. ಎರಡನೆಯದೂ ಹಾಗೇ. ಮೂರನೆಯದೂ ಹಾಗೇ.

ಭಕ್ತರು ಚಪ್ಪಾಳೆ ತಟ್ಟಿದರು. ಅದು ಕೇಳಿಸಲಿಲ್ಲ.

ಆಮೇಲೆ ಎಂದಿನಂತೆ ಮಗ್ಗ ನಿಲ್ಲುವುದನ್ನೇ ಕಾಯುತ್ತ ಕೂತರು. ಪ್ರಶ್ನೆಯನ್ನು ನಾಲಿಗೆಯ ತುದಿಗೆ ತಂದುಕೊಂಡವರು ಅದನ್ನು ನುಂಗಲೂ ಆರದೆ ಉಗುಳಲೂ ಆರದೆ ಕೂತರು. ಮಗ್ಗ ನಿಲ್ಲಲಿಲ್ಲ.

ಅಜ್ಜ ಮೊದಲು ಕೈ ಕಟ್ಟಿಕೊಂಡರು. ಬಿಚ್ಚಿದರು. ಅಂಗೈಗಳನ್ನು ತಿರುಗಿಸಿ ನೋಡಿಕೊಂಡರು. ಬಟ್ಟೆ ತಾನಾಗಿ ಬೆಳೆಯುತ್ತಿತ್ತು. ಆಮೇಲೆ ಸ್ಟೂಲಿನ ಮೇಲೆ ಭಕ್ತರ ಕಡೆ ತಿರುಗಿ ಕೂತು ಮಾತಾಡತೊಡಗಿದರು.

ಅಷ್ಟು ವರ್ಷಗಳಲ್ಲಿ ಅಜ್ಜ ಅಷ್ಟು ಮಾತಾಡಿದ್ದನ್ನು ಯಾರೂ ನೋಡಿರಲಿಲ್ಲ. ಕೈ ಆಡಿಸಿದರು. ಹುಬ್ಬು ಕುಣಿಸಿದರು. ನಡುವೆ ತಮ್ಮ ಮಾತಿಗೆ ತಾವೇ ನಕ್ಕು ತೊಡೆ ತಟ್ಟಿಕೊಂಡರು. ಒಂದಕ್ಷರ ಯಾರಿಗೂ ಕೇಳಲಿಲ್ಲ.

ಕಲ್ಮೇಶ ಗಾಬರಿಯಾಗಲಿಲ್ಲ. ತುಟಿ ನೋಡಿ ತಿಳಿಯುವುದು ಅವನಿಗೆ ಹೊಸದೇ? ಅಜ್ಜನ ಮುಖ ನೋಡಿದ.

ಅಲ್ಲಿ ಗಡ್ಡವಿತ್ತು.

ಮೀಸೆ ಮೇಲಿನ ತುಟಿಯನ್ನು, ಗಡ್ಡ ಕೆಳಗಿನ ತುಟಿಯನ್ನು ಪೂರ್ತಿ ನುಂಗಿಕೊಂಡಿದ್ದವು. ಬಿಳಿ ಗಡ್ಡ ಮೇಲೆ ಕೆಳಗೆ ಆಡುತ್ತಿತ್ತು, ಅಷ್ಟೆ. ಮಿಲ್ಲಿನಲ್ಲಿ ಮಗ್ಗಕ್ಕೆ ಸಿಕ್ಕೀತೆಂದು ಯಾರಿಗೂ ಗಡ್ಡ ಬಿಡಗೊಡುತ್ತಿರಲಿಲ್ಲ. ಗಡ್ಡ ಓದುವುದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ.

ಆದರೂ ಹೋದ. ಅಜ್ಜನ ಕಿವಿಯ ಹತ್ತಿರ ಬಾಯಿಟ್ಟು ಕೂಗಿ ಕೂಗಿ ತನ್ನ ಕಥೆ ಹೇಳಿದ. ಮೂರು ಕೈಮಗ್ಗ, ಸೊಲ್ಲಾಪುರ, ಮಾವನ ತಮ್ಮ, ಲಗ್ನ, ಮಿಲ್ಲು, ಮನೆಯ ಮಗ್ಗ, ಸಾವಂತ್ರಿ ಮಾತು ಬಿಟ್ಟ ದಿನ. ತನಗೆ ಅನುಮಾನವಿದ್ದ ಕಾರಣಗಳನ್ನೂ ಹೇಳಿದ: ಅವಳ ಅಣ್ಣನ ಗೃಹಪ್ರವೇಶಕ್ಕೆ ಹೋಗದ್ದು, ಬೆಂಡೋಲೆ ಮಾಡಿಸದ್ದು, ಒಮ್ಮೆ ಸಾರಿಗೆ ಉಪ್ಪಿಲ್ಲ ಅಂದದ್ದು.

ಅಜ್ಜ ತಲೆಯಾಡಿಸುತ್ತ ಕೇಳಿದರು. ಮುಗಿದ ಮೇಲೆ ಬಹಳ ಹೊತ್ತು ಉತ್ತರ ಹೇಳಿದರು. ಒಂದೊಂದೇ ಬೆರಳು ಮಡಚಿ ಹೇಳಿದರು. ಒಮ್ಮೆ ಕಣ್ಣೊರೆಸಿಕೊಂಡರು. ಕಲ್ಮೇಶ ಗಡ್ಡಕ್ಕೆ ಕಿವಿ ಹಚ್ಚಿದ. ಬಿಸಿ ಉಸಿರು ತಾಗಿತು. ಮಾತು ತಾಗಲಿಲ್ಲ.

ಮಧ್ಯಾಹ್ನ ಮಗ್ಗ ನಿಂತಾಗ ಕಾಲಿಗೆ ಬಿದ್ದ. "ಅಜ್ಜಾರ, ಇನ್ನೊಮ್ಮೆ ಹೇಳ್ರಿ."

ಅಜ್ಜ ತುಟಿಯ ಮೇಲೆ, ಅಂದರೆ ಗಡ್ಡದ ಮೇಲೆ, ಬೆರಳಿಟ್ಟು ಊಟಕ್ಕೆ ಹೋದರು. ಮೌನ ಶುರುವಾಗಿತ್ತು.

ಹೀಗೇ ದಿನ ಹೋದವು.

ಒಂದು ಬೆಳಿಗ್ಗೆ ಅಜ್ಜ ಎರಡೂ ಕೈಯಿಂದ ದುಂಡಗೆ ಏನನ್ನೋ ತೋರಿಸಿದರು. ಬ್ರಹ್ಮಾಂಡ ಎಂದರು ಇಟಗಿ ಮಾಸ್ತರು. ರೊಟ್ಟಿ ಇರಬೇಕೆಂದಳು ಅಡುಗೆಯ ನಿಂಬೆವ್ವ. ಮಾಸ್ತರು ಸಂಜೆ ಬ್ರಹ್ಮಾಂಡದ ಮೇಲೆ ಮಾತಾಡಿದರು. ನಿಂಬೆವ್ವ ಮಧ್ಯಾಹ್ನವೇ ಎರಡು ರೊಟ್ಟಿ ಹೆಚ್ಚಿಗೆ ಬಡಿದಿದ್ದಳು. ಅಜ್ಜ ಎರಡನ್ನೂ ತಿಂದರು.

ಕರೆಂಟಾದರೂ ಹೋಗುತ್ತದೆ ಅಂತ ಜನ ಆಸೆ ಇಟ್ಟುಕೊಂಡರು. ಹಿಂದಿನ ವರ್ಷವೇ ಯಾರೋ ಪುಣ್ಯಾತ್ಮರು ಸೋಲಾರ್ ಹಾಕಿಸಿಕೊಟ್ಟಿದ್ದರು. ಉದ್ದಕ್ಕೆ ಬಿಗಿದ ಹಾಸಿನ ಎಳೆಯಾದರೂ ಹರಿದು ಮಗ್ಗ ನಿಲ್ಲುತ್ತದೆ ಅಂದುಕೊಂಡರು. ಕಲ್ಮೇಶ ಆ ಎಳೆಗಳಿಗೆ ತಾನೇ ನಿಂತು ಗಂಜಿ ಕುಡಿಸಿದ್ದ, ಹರಿಯಲಿಲ್ಲ. ಚೀಟಿ ಬರೆದು ತೋರಿಸೋಣವೆಂದರೆ ಅಜ್ಜನಿಗೆ ಅಕ್ಷರ ಬಾರದು. ಸ್ವಿಚ್ಚಿಗಂತೂ ಅಜ್ಜನ ಕೈ ಬಿಟ್ಟು ಬೇರೆ ಕೈ ತಾಕುವಂತಿರಲಿಲ್ಲ.

ಉಳಿದದ್ದು ಒಂದೇ ದಾರಿ. ಅದು ಕಲ್ಮೇಶನ ಕೈಯಲ್ಲೇ ಇತ್ತು.

ಲಾಳಿ ತಾನಾಗಿ ಬದಲಾಗುತ್ತಿತ್ತು, ನಿಜ. ಆದರೆ ಮೇಲಿನ ಗೂಡಿಗೆ ತುಂಬಿದ ಲಾಳಿಗಳನ್ನು ಯಾರಾದರೂ ಇಡುತ್ತಲೇ ಇರಬೇಕು. ಆ ಯಾರಾದರೂ ಕಲ್ಮೇಶನೇ ಆಗಿದ್ದ. ಬೆಳಗಿನಿಂದ ಮಗ್ಗದ ಮೂಲೆಯಲ್ಲಿ ಕೂತು ಖಾಲಿ ಲಾಳಿ ಹೆಕ್ಕುವುದು, ಕಂಡಿಕೆ ಹಾಕುವುದು, ಗೂಡಿಗೆ ಏರಿಸುವುದು. ಅಜ್ಜನ ಕೈ ಖಾಲಿಯಾದದ್ದು ಖರೆ. ಆ ಕೆಲಸವೆಲ್ಲ ಬಂದು ಇವನ ಕೈ ಸೇರಿತ್ತು.

"ಒಂದಿನ ತುಂಬಬ್ಯಾಡ ಕಲ್ಮೇಶಪ್ಪ," ಎಂದರು ಮಾಸ್ತರು, ಸಂಜೆ ಹೊಳೆಯ ದಂಡೆಯಲ್ಲಿ. "ಗೂಡು ಖಾಲಿ ಬಿಡು. ತಾನ ನಿಲ್ಲತೈತಿ."

"ಹ್ಯಾಂಗ ಬಿಡೂದ್ರಿ?"

"ಸುಮ್ಮನ ಕುಂತರ ಆತು."

"ನಾ ಜಾಬರ್ ಅದೀನ್ರಿ ಮಾಸ್ತರ. ಲಾಳಿ ಇಲ್ಲದ ಮಗ್ಗ ನಿಂತಿತು ಅಂದ್ರ, ಜಾಬರ್ ಇದ್ದೂ ಸತ್ತಂಗ."

"ನಿನ್ನ ಪ್ರಶ್ನಿಗೆ ಉತ್ತರ ಬೇಕೋ ಬ್ಯಾಡೋ?"

ಬೇಕಿತ್ತು. ಮರುದಿನ ಕಲ್ಮೇಶ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತ. ಗೂಡಿನಲ್ಲಿ ನಾಲ್ಕು ಲಾಳಿ ಉಳಿದವು. ಮೂರು. ಎರಡು. ಚಾಪೆಯ ಮೇಲೆ ಎಲ್ಲರೂ ಮುಂದಕ್ಕೆ ಬಗ್ಗಿದರು. ಕಡೆಯ ಲಾಳಿ ಗೂಡಿನ ತಳಕ್ಕೆ ಜಾರಿತು. ಮಗ್ಗ ತನ್ನನ್ನೇ ನೋಡುತ್ತಿದೆ ಅಂತ ಕಲ್ಮೇಶನಿಗೆ ಅನ್ನಿಸಿತು.

ಬಲಗೈ ತಾನಾಗಿ ತೊಡೆಯಡಿಯಿಂದ ಹೊರಬಂತು. ಗೂಡು ತುಂಬಿತು.

ಮಾಸ್ತರು ಕೈಮುಗಿದು ಎದ್ದು ಹೋದರು.

ಮಗ್ಗದಜ್ಜನ ಮಗ್ಗ ನಿಲ್ಲೋದೇ ಇಲ್ಲವಂತೆ ಎಂಬ ಸುದ್ದಿ ಬಸ್ಸು ಹತ್ತಿ ಊರೂರು ತಿರುಗಿತು. ಕೆಲವರು ಪವಾಡ ಅಂದರು. ಕಲ್ಮೇಶನ ಊರಿನಲ್ಲಿ ಕಟ್ಟೆಯ ಮೇಲೆ ಕೂತಿದ್ದ ಸಾವಂತ್ರಿಗೆ ಅದು ಯಾರ ಕೈಕೆಲಸ ಅಂತ ಕೇಳಿದ ಕೂಡಲೇ ಗೊತ್ತಾಯಿತು.

ಮರುದಿನ ಬೆಳಿಗ್ಗೆ ಅವಳು ಮಠದ ಬಾಗಿಲಲ್ಲಿ ನಿಂತಿದ್ದಳು.

ಕಲ್ಮೇಶ ಮೂಲೆಯಿಂದ ಅವಳನ್ನು ನೋಡಿದ. ಕೈಯಲ್ಲಿ ತುಂಬಿದ ಲಾಳಿ ಇತ್ತು. ಸಾವಂತ್ರಿ ಅವನ ಕಡೆ ಒಮ್ಮೆ ಕಣ್ಣು ಹಾಯಿಸಿದಳು. ಗೂಡು, ಬೆರಳು, ಬುಟ್ಟಿ ಎಲ್ಲ ನೋಡಿದಳು. ಆಮೇಲೆ ಸೆರಗು ಸರಿಮಾಡಿಕೊಂಡು ನೆಟ್ಟಗೆ ಅಜ್ಜನ ಹತ್ತಿರ ಹೋದಳು. ನಮಸ್ಕಾರ ಮಾಡಿ, ಸ್ಟೂಲಿನ ಪಕ್ಕ ನೆಲದ ಮೇಲೆ ಕೂತು, ಏನೋ ಹೇಳತೊಡಗಿದಳು.

ಅವಳ ಬೆನ್ನು ಕಲ್ಮೇಶನ ಕಡೆಗಿತ್ತು.

ಅಜ್ಜ ತಲೆಯಾಡಿಸಿದರು. ಅವಳು ಇನ್ನಷ್ಟು ಹೇಳಿದಳು. ಎರಡೂ ಕೈ ಅಗಲಿಸಿ ಏನೋ ದೊಡ್ಡದನ್ನು ತೋರಿಸಿದಳು. ಹೆಗಲು ಕುಲುಕಿತು: ನಗುತ್ತಿದ್ದಾಳೋ, ಅಳುತ್ತಿದ್ದಾಳೋ. ಕಲ್ಮೇಶ ಕತ್ತು ಉದ್ದ ಮಾಡಿದ. ತುಟಿ ಕಾಣಲಿಲ್ಲ. ಎರಡು ವರ್ಷದಿಂದ ತಾನು ಕಾದ ಮಾತನ್ನೆಲ್ಲ ಅವಳು ತನ್ನ ಕಣ್ಣೆದುರೇ, ತಾನೇ ನಿಲ್ಲದಂತೆ ಮಾಡಿದ ಮಗ್ಗದ ಸದ್ದಿನಲ್ಲಿ, ಬೇರೆಯವರ ಮುಂದೆ ಸುರಿಯುತ್ತಿದ್ದಳು.

ಗೂಡಿನಲ್ಲಿ ಒಂದೇ ಲಾಳಿ ಉಳಿದಿತ್ತು.

ಅವನ ಕೈ ಮೇಲೆದ್ದಿತು. ಮೇಲೆದ್ದ ಕೈಯನ್ನೇ ಒಂದು ಕ್ಷಣ ನೋಡಿದ.

ಲಾಳಿಯನ್ನು ಮೆಲ್ಲಗೆ ನೆಲದ ಮೇಲೆ ಇಟ್ಟ.

ಕಡೆಯ ಲಾಳಿ ಒಳಗೆ ಹೋಯಿತು. ಓಡಿತು, ಓಡಿತು, ತೀರಿತು. ಬೆರಳು ಮುಟ್ಟಿ ನೋಡಿತು, ಪೆಟ್ಟಿಗೆ ಬಾಯಿ ತೆರೆಯಿತು, ಒಳಗೆ ಬರುವವರು ಯಾರೂ ಇರಲಿಲ್ಲ.

ಮಗ್ಗ ನಿಂತಿತು.

ಮಗ್ಗದ ಸದ್ದನ್ನು ಮೀರಿಸಲು ಗಂಟಲು ಏರಿಸಿದ್ದ ಸಾವಂತ್ರಿಯ ದನಿ ಆ ನಿಶ್ಶಬ್ದದಲ್ಲಿ ಇಡೀ ಮಠ ತುಂಬಿತು:

"...ಬೊಗಸ್ಯಾಗ ತಗೊಂಡು ಬಾಯಾಗ ಹಾಕ್ಕೊಂಡ್ರ, ಥೂ, ಬರೇ ಉಪ್ಪ ರೀ ಅಜ್ಜಾರ."

ಅವಳು ಬಾಯಿಗೆ ಸೆರಗು ಹಿಡಿದಳು.

"ಏನದು ಉಪ್ಪು?" ಎಂದ ಕಲ್ಮೇಶ.

ಸಾವಂತ್ರಿ ಅವನತ್ತ ತಿರುಗಲಿಲ್ಲ. "ಕೇಳಿದ್ರೇನ್ರಿ ಅಜ್ಜಾರ. ಏನದು ಅಂತ ಕೇಳ್ತಾರ."

"ಏನದು?" ಎಂದರು ಅಜ್ಜ.

"ನೀವೂ ಕೇಳಿಸ್ಕೊಂಡಿಲ್ಲೇನ್ರಿ?"

"ಮಗ್ಗ ನಡದಿತ್ತಲ್ಲ ಯವ್ವಾ."

"ಮತ್ತ ತಲಿ ಯಾಕ ಅಲ್ಲಾಡಸಿದ್ರಿ?"

"ಇವರೆಲ್ಲಾ ನನ್ನ ಮುಂದ ಅಲ್ಲಾಡಸ್ತಾರ," ಎಂದರು ಅಜ್ಜ, ಚಾಪೆಯ ಕಡೆ ತೋರಿಸಿ. "ನಾನೂ ಒಮ್ಮೆ ಅಲ್ಲಾಡಸಿ ನೋಡಿದೆ."

ಕಲ್ಮೇಶನಿಗೆ ಈಗ ಬೇರೆಯದೇ ಚಿಂತೆ ಹಿಡಿಯಿತು. "ಅಜ್ಜಾರ, ಅಂದ್ರ ಅವತ್ತು ನನ್ನ ಕಥಿ?"

"ನಿಮ್ಮ ಮಾವನ ತಮ್ಮ ಸೊಲ್ಲಾಪುರಕ್ಕ ಹೋದದ್ದು ಗೊತ್ತೈತಿ."

"ಮತ್ತ ಅಷ್ಟೊತ್ತು ಬೆರಳು ಮಡಚಿ ಏನ್ ಹೇಳಿದ್ರಿ?"

"ನನ್ನ ಕಥಿ ನಾ ಹೇಳ್ಕೊಂಡೆ." ಅಜ್ಜ ಗಡ್ಡ ನೀವಿಕೊಂಡರು. "ಯಾರೂ ಕೇಳಂಗಿಲ್ಲ ಅಂತ ಗೊತ್ತಿದ್ರ ಭಾಳ ಚಲೋ ಹೇಳಾಕ ಬರತೈತಿ."

"ನಂಗೂ ಅದ ಆಗೇತ್ರಿ," ಎಂದಳು ಸಾವಂತ್ರಿ. ಅವಳ ದನಿ ಸ್ವಲ್ಪ ಇಳಿಯಿತು. "ಎರಡು ವರ್ಷದ ಹಿಂದ ಓಣಿ ಹೆಣ್ಮಕ್ಕಳ ಜೋಡಿ ಗೋಕರ್ಣಕ್ಕ ಹೋಗಿದ್ದೆ. ಹೊಂಡೂ ಮುಂದ ಇವರಿಗೆ ಹೇಳಿದೆ, ಮಗ್ಗದ ಬಾಜೂಕ ನಿಂತು. ತಲಿ ಅಲ್ಲಾಡಸಿದ್ರು. ತಿರುಗಿ ಬಂದು ಸಮುದ್ರ ಹ್ಯಾಂಗಿತ್ತು ಅಂತ ಹೇಳಿದೆ. ಆವಾಗೂ ಅಲ್ಲಾಡಸಿದ್ರು. ನಾ ಏನ್ ಹೇಳಿದೆ ಹೇಳ್ರಿ ನೋಡೂಣು ಅಂದೆ. ಎಣ್ಣಿ ಬಿಡು, ಸರಿ ಹೋಗತೈತಿ ಅಂದ್ರು."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನಿಂಬೆವ್ವ ಹಣೆ ಬಡಿದುಕೊಂಡಳು.

"ನೀ ಹೋಗಿದ್ದೇನು?" ಎಂದ ಕಲ್ಮೇಶ. "ಯಾವಾಗ? ನನಗ ಊಟಕ್ಕ ಯಾರು ಹಾಕಿದ್ರು?"

"ನಿಮ್ಮ ಅತ್ತಿ ಬಂದು ನಾಕು ದಿನ ರೊಟ್ಟಿ ಬಡದು ಹೋಗ್ಯಾರ. ಅದೂ ಗೊತ್ತಿಲ್ಲೇನು?"

ಗೊತ್ತಿರಲಿಲ್ಲ. ಯಾವಾಗಲೋ ನಾಲ್ಕು ದಿನ ರೊಟ್ಟಿ ತುಸು ದಪ್ಪ ಇತ್ತೆಂದು ಮಸುಕಾಗಿ ನೆನಪಿತ್ತು. ಅದನ್ನು ಹೇಳದಿರುವಷ್ಟು ಬುದ್ಧಿ ಆ ಹೊತ್ತಿನಲ್ಲಿ ಅವನಿಗೆ ಬಂತು.

"ಮಿಲ್ಲಿನಾಗ ಇವರು ಸಾವಿರ ಮಂದಿ ತುಟಿ ನೋಡಿ ಮಾತು ತಿಳ್ಕೊಂಡಾರ," ಎಂದಳು ಸಾವಂತ್ರಿ. "ನನ್ನ ಮಾರಿ ಒಮ್ಮೆ ನೋಡಿದ್ರ ಸಾಕಿತ್ತು. ಲಾಳಿ ನೋಡ್ತಿದ್ರು."

ಕಲ್ಮೇಶ ಮೂಲೆಯಿಂದ ಎದ್ದು ಬಂದ. ಅವಳ ಎದುರು, ತುಟಿ ಕಾಣುವಂತೆ, ನೆಲದ ಮೇಲೆ ಕೂತ.

"ಈಗ ಹೇಳು."

"ಎಲ್ಲಿಂದ?"

"ಬಸ್ ಹತ್ತಿದಾಗಿಂದ."

ಸಾವಂತ್ರಿ ಕಾಲು ಮಡಚಿ ಸರಿಯಾಗಿ ಕೂತಳು. "ಬಸ್ ಹತ್ತೂ ಮೊದ್ಲ ಕಸ್ತೂರೆವ್ವನ ಚಪ್ಪಲಿ ಹರೀತು," ಎಂದು ಶುರುಮಾಡಿದಳು.

ಚಪ್ಪಲಿ ಹೊಲಿಸುವುದಕ್ಕೇ ಸುಮಾರು ಹೊತ್ತು ಹಿಡಿಯಿತು. ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿದರು. ಕಿಟಕಿಯ ಸೀಟಿಗೆ ಜಗಳವಾಯಿತು. ಯಲ್ಲಾಪುರ ದಾಟಿತು. ಅರಬೈಲ್ ಘಟ್ಟದಲ್ಲಿ ಬಸ್ಸು ತಿರುಗಿದಂತೆಲ್ಲ ಕಸ್ತೂರೆವ್ವ ವಾಂತಿ ಮಾಡಿಕೊಂಡಳು. ಒಂದೊಂದು ತಿರುವೂ ಬಂತು. ಕಲ್ಮೇಶ ಒಮ್ಮೆ ತಲೆಯಾಡಿಸಲು ಹೋಗಿ, ತಡೆದುಕೊಂಡು, "ಆಮ್ಯಾಲ?" ಎಂದ.

ಚಾಪೆಯ ಮೇಲೆ ಇಷ್ಟು ದಿನದ ಪ್ರಶ್ನೆಗಳು ಕುದಿಯುತ್ತಿದ್ದವು. ಮಗ್ಗ ನಿಂತಿತ್ತು. ಇಂಥ ಅವಕಾಶ ಇನ್ನೆಂದು ಬಂದೀತೋ. ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂತು. ಬಸ್ಸು ಇನ್ನೂ ಘಟ್ಟದಲ್ಲೇ ಇತ್ತು.

ಇಟಗಿ ಮಾಸ್ತರಿಂದ ತಡೆಯಲಾಗಲಿಲ್ಲ. "ಅಜ್ಜಾರ, ಒಂದ ಒಂದು ಪ್ರಶ್ನೆ. ಈ ಭವಸಾಗರ ದಾಟೂದು ಹ್ಯಾಂಗ್ರಿ?"

ಅಜ್ಜ ಅವರ ಕಡೆ ನೋಡದೆ ಕೈ ಎತ್ತಿ ಸುಮ್ಮನಿರಿಸಿದರು.

ಕಲ್ಮೇಶನಿಗೆ ನಾಚಿಕೆಯಾಯಿತು. ತನ್ನ ಒಂದು ಸಂಸಾರಕ್ಕಾಗಿ ಇಷ್ಟು ಜನ ಬೆಳಗಿನಿಂದ ಕೂತಿದ್ದಾರೆ. ಮಗ್ಗವೂ ಕೂತಿದೆ. ಅವನ ಕಣ್ಣು ಮೂಲೆಯಲ್ಲಿ ಬಿದ್ದಿದ್ದ ಲಾಳಿಯ ಕಡೆ ಹೋಯಿತು. ಎದ್ದು ಹೋಗಿ ಎತ್ತಿಕೊಂಡ.

"ಮಂದಿ ಕಾಯಾಕತ್ತಾರ್ರಿ ಅಜ್ಜಾರ. ಇದೊಂದು ಹಾಕ್ಲೇನ್ರಿ?"

ಸಾವಂತ್ರಿಯ ಮಾತು ನಡುವೆಯೇ ನಿಂತಿತು. ಕೆಳಗಿನ ತುಟಿ ಒಳಗೆ ಹೋಯಿತು.

ಅಜ್ಜ ಕೈ ಚಾಚಿ ಕಲ್ಮೇಶನಿಂದ ಲಾಳಿ ಇಸಿದುಕೊಂಡರು. ಅದನ್ನು ತಮ್ಮ ತೊಡೆಯ ಕೆಳಗೆ ಇಟ್ಟು ಅದರ ಮೇಲೆ ಭದ್ರವಾಗಿ ಕೂತರು.

"ಕುಂದ್ರೋ," ಎಂದರು. "ಸಮುದ್ರ ನಾನೂ ನೋಡಿಲ್ಲ."